ನೋವಿಗೂ ಪುರಾವೆ ಬೇಕು: ಅಮೆರಿಕದ ವಲಸೆ ಪ್ರಕರಣಗಳಲ್ಲಿ ಮಾನಸಿಕ ಮೌಲ್ಯಮಾಪನ

ಮುರಿದ ಕೈಗೆ ಎಕ್ಸ್‌ರೇ ಇದೆ, ಹೊಡೆತದ ಕಲೆಗೆ ಫೋಟೊ ಇದೆ. ಪಾಸ್‌ಪೋರ್ಟು, ಫೋನು, ಬ್ಯಾಂಕ್ ಕಾರ್ಡು ಎಲ್ಲವೂ ಗಂಡನ ಕೈಯಲ್ಲಿದ್ದು, ಪರದೇಶದ ಅಪಾರ್ಟ್‌ಮೆಂಟಿನಲ್ಲಿ ವರ್ಷಗಟ್ಟಲೆ ಹೆದರಿಕೊಂಡೇ ಬದುಕಿದ ಹೆಂಗಸು ತನ್ನ ಹೆದರಿಕೆಯನ್ನು ವಲಸೆ ಅಧಿಕಾರಿಗೆ ಹೇಗೆ ತೋರಿಸಬೇಕು? ಊರಿಗೆ ಮರಳಿದರೆ ಪೊಲೀಸರು ಮತ್ತೆ ಎತ್ತಿಕೊಂಡು ಹೋಗುತ್ತಾರೆಂಬ ಭಯದಲ್ಲಿ ನಿದ್ದೆ ಬಿಟ್ಟವನು ಆ ಭಯವನ್ನು ನ್ಯಾಯಾಧೀಶರ ಮುಂದೆ ಹೇಗೆ ಇಡಬೇಕು? ಅಮೆರಿಕದ ವಲಸೆ ಕಾನೂನು ಹಲವು ಕಡೆ ಮನಸ್ಸಿಗೆ ಆದ ಹಾನಿಯ ಬಗ್ಗೆಯೇ ಕೇಳುತ್ತದೆ. ಅದಕ್ಕೆ ಉತ್ತರವಾಗಿ ಬೆಳೆದು ಬಂದದ್ದು ಮಾನಸಿಕ ಮೌಲ್ಯಮಾಪನ ವರದಿ. ವಕೀಲರ ಬಾಯಲ್ಲಿ ಅದು ‘ಸೈಕ್ ಇವ್ಯಾಲ್’.

ಪರವಾನಗಿ ಇರುವ ಮನಶ್ಶಾಸ್ತ್ರಜ್ಞರೋ ಮನೋವೈದ್ಯರೋ ಕ್ಲಿನಿಕಲ್ ಸೋಶಿಯಲ್ ವರ್ಕರೋ ಅರ್ಜಿದಾರರ ಜತೆ ಒಂದೆರಡು ಸಲ, ಕೆಲವು ತಾಸು ಕೂತು ಮಾತಾಡುತ್ತಾರೆ. ಏನಾಯಿತು, ಅದರಿಂದ ಮನಸ್ಸಿಗೂ ದಿನಚರಿಗೂ ಏನಾಗಿದೆ, ಈ ದೇಶ ಬಿಟ್ಟು ಹೋಗಬೇಕಾದರೆ ಮುಂದೇನಾಗಬಹುದು ಎಂದು ಬರೆದುಕೊಡುತ್ತಾರೆ. ಅರ್ಜಿಯ ಜತೆ ಆ ಕಾಗದ ಕಡತ ಸೇರುತ್ತದೆ. ಹೊರಗಿನಿಂದ ನೋಡಿದರೆ ಇಷ್ಟೇ. ಆದರೆ ಇದರ ಸುತ್ತ ನಮ್ಮವರಲ್ಲಿ ಎರಡು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿವೆ. ಇದು ಹುಚ್ಚೆಂದು ಕೊಡುವ ಸರ್ಟಿಫಿಕೇಟು ಅನ್ನುವುದು ಒಂದು. ದುಡ್ಡು ಕೊಟ್ಟರೆ ಸಿಗುವ ಗ್ರೀನ್ ಕಾರ್ಡಿನ ಕೀಲಿಕೈ ಅನ್ನುವುದು ಇನ್ನೊಂದು. ಮೊದಲನೆಯದನ್ನು ನಂಬಿ ಅಗತ್ಯವಿದ್ದವರು ಹಿಂಜರಿಯುತ್ತಾರೆ, ಎರಡನೆಯದನ್ನು ನಂಬಿ ಕೆಲವರು ಮೋಸ ಹೋಗುತ್ತಾರೆ.

ಈ ವರದಿಯ ಬೇರು ಮದುವೆಯ ಕಾನೂನಿನಲ್ಲಿದೆ. ಸುಳ್ಳು ಮದುವೆಗಳನ್ನು ತಡೆಯಲು ಅಮೆರಿಕ 1986ರಲ್ಲಿ ಷರತ್ತಿನ ಗ್ರೀನ್ ಕಾರ್ಡ್ ತಂದಿತು. ಮದುವೆಯಾಗಿ ಎರಡು ವರ್ಷ ತುಂಬದವರಿಗೆ ಮೊದಲು ಸಿಗುವುದು ಎರಡು ವರ್ಷದ ಕಾರ್ಡ್. ಆಮೇಲೆ ಗಂಡ ಹೆಂಡತಿ ಇಬ್ಬರೂ ಸೇರಿ ಅರ್ಜಿ ಹಾಕಿದರೆ ಷರತ್ತು ತೆಗೆಯುತ್ತಾರೆ. ಗಂಡ ಸಹಿ ಹಾಕುವುದಿಲ್ಲ ಎಂದು ಹೆದರಿಸಿದರೆ ಹೆಂಡತಿಗೆ ಉಳಿಯುತ್ತಿದ್ದ ದಾರಿ ಬಹಳ ಕಿರಿದಾಗಿತ್ತು. 1990ರಲ್ಲಿ ಸಂಸತ್ತು ದೌರ್ಜನ್ಯಕ್ಕೊಳಗಾದವರಿಗೆ ವಿನಾಯಿತಿ ಕೊಟ್ಟಿತು. ಆದರೆ ಆಗಿನ ವಲಸೆ ಇಲಾಖೆ ನಿಯಮ ಬರೆಯುವಾಗ, ದೈಹಿಕ ಹಲ್ಲೆಯಲ್ಲದೆ ಮಾನಸಿಕ ಕ್ರೌರ್ಯವನ್ನು ಹೇಳಿಕೊಳ್ಳುವವರು ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಅಥವಾ ಕ್ಲಿನಿಕಲ್ ಸೋಶಿಯಲ್ ವರ್ಕರುಗಳಿಂದ ಮೌಲ್ಯಮಾಪನ ತರಲೇಬೇಕು ಎಂದು ಕಡ್ಡಾಯ ಮಾಡಿತು. ಮನೆಯಿಂದ ಹೊರಗೆ ಕಾಲಿಡಲು ಬಿಡದ ಗಂಡನ ಕೈಕೆಳಗಿರುವವಳು ತಜ್ಞರ ಕಚೇರಿಗೆ ಹೇಗೆ ಹೋಗಬೇಕು, ಶುಲ್ಕಕ್ಕೆ ದುಡ್ಡು ಎಲ್ಲಿಂದ ತರಬೇಕು? ಮಹಿಳಾ ಸಂಘಟನೆಗಳು ಇದನ್ನೇ ಎತ್ತಿ ಹೇಳಿದವು. 1994ರ ‘ವಾವಾ’, ಅಂದರೆ ಮಹಿಳೆಯರ ಮೇಲಿನ ಹಿಂಸೆ ತಡೆಯುವ ಕಾಯ್ದೆ, ಆ ಕಡ್ಡಾಯವನ್ನು ಕಿತ್ತುಹಾಕಿ ‘ನಂಬಲರ್ಹವಾದ ಯಾವುದೇ ಸಾಕ್ಷ್ಯ’ ಸಾಕು ಎಂದಿತು.

ಅಂದರೆ ಇವತ್ತು ಮಾನಸಿಕ ಮೌಲ್ಯಮಾಪನ ಕಾನೂನಿನ ಪ್ರಕಾರ ಕಡ್ಡಾಯವಲ್ಲ. ಆದರೂ ಅನುಭವವಿರುವ ವಲಸೆ ವಕೀಲರು ಅದನ್ನು ಕೇಳುತ್ತಾರೆ. ಏಕೆಂದರೆ ವಾವಾ ಅರ್ಜಿಯಲ್ಲಿ ‘ಹಲ್ಲೆ ಅಥವಾ ತೀವ್ರ ಕ್ರೌರ್ಯ’ ಎಂಬ ಮಾತಿದೆ, ಅಪರಾಧಕ್ಕೆ ಬಲಿಯಾದವರ ಯು ವೀಸಾದಲ್ಲಿ ‘ಗಣನೀಯ ದೈಹಿಕ ಅಥವಾ ಮಾನಸಿಕ ಹಾನಿ’ ಎಂಬ ಮಾತಿದೆ, ಗಡೀಪಾರು ರದ್ದು ಕೋರುವ ಅರ್ಜಿಯಲ್ಲಿ ‘ಅಸಾಧಾರಣವೂ ಅತ್ಯಂತ ಅಪರೂಪವೂ ಆದ ಸಂಕಷ್ಟ’ ಎಂಬ ಮಾತಿದೆ. ತೀವ್ರ, ಗಣನೀಯ, ಅಸಾಧಾರಣ: ಇವೆಲ್ಲ ಅಳತೆಯ ಪದಗಳು, ಅಳತೆಗೋಲು ಮಾತ್ರ ಕಾನೂನಿನಲ್ಲಿ ಇಲ್ಲ. ಆ ಖಾಲಿ ಜಾಗದಲ್ಲಿ ತಜ್ಞರ ವರದಿ ನಿಲ್ಲುತ್ತದೆ.

ತಜ್ಞರ ಮಾತು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 2003ರಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಕೊಟ್ಟ ಹರ್ನಾಂಡೆಜ್ ತೀರ್ಪು ಒಳ್ಳೆಯ ಉದಾಹರಣೆ. ಮೆಕ್ಸಿಕೊದಲ್ಲಿ ಗಂಡನ ಹಲ್ಲೆ ತಾಳಲಾರದೆ ಹೆಂಡತಿ ಅಮೆರಿಕಕ್ಕೆ ಓಡಿಬಂದಿದ್ದಳು. ಅವನು ಹುಡುಕಿಕೊಂಡು ಬಂದು, ಬೇಡಿಕೊಂಡು, ಬದಲಾಗುತ್ತೇನೆಂದು ಮಾತು ಕೊಟ್ಟು ವಾಪಸು ಕರೆದೊಯ್ದಿದ್ದ. ಆಗಿನ ಕಾನೂನಿನಂತೆ ಕ್ರೌರ್ಯ ಅಮೆರಿಕದ ನೆಲದಲ್ಲಿ ನಡೆದಿರಬೇಕಿತ್ತು. ಅವನು ಅಲ್ಲಿ ಆಡಿದ್ದೆಲ್ಲ ಸಿಹಿಮಾತೇ. ಹೊಡೆತ, ಪಶ್ಚಾತ್ತಾಪ, ಓಲೈಕೆ, ಮತ್ತೆ ಹೊಡೆತ ಎಂಬ ಚಕ್ರದಲ್ಲಿ ಆ ಸಿಹಿಮಾತೂ ಹಿಡಿತ ಸಾಧಿಸುವ ಒಂದು ಹಂತ ಎಂಬ ತಿಳಿವಳಿಕೆಯನ್ನು ನ್ಯಾಯಾಲಯ ಒಪ್ಪಿ, ಅದನ್ನೂ ತೀವ್ರ ಕ್ರೌರ್ಯದ ಭಾಗವೆಂದು ಎಣಿಸಿತು. ‘ಅಷ್ಟು ಹೊಡೆದರೂ ಯಾಕೆ ಹಿಂದಿರುಗಿ ಹೋದಳು?’ ಎಂದು ಹೆಂಗಸಿನ ಮೇಲೆಯೇ ಅನುಮಾನ ಪಡುವುದು ನಮ್ಮಲ್ಲೂ ಮಾಮೂಲು. ಅದಕ್ಕೆ ಮನಶ್ಶಾಸ್ತ್ರದಲ್ಲಿ ಉತ್ತರವಿದೆ, ಆ ಉತ್ತರಕ್ಕೆ ನ್ಯಾಯಾಲಯದಲ್ಲಿ ಬೆಲೆಯಿದೆ.

ಎಚ್-4 ಹೆಂಡತಿ ಮತ್ತು ಇಲ್ಲದ ಬಾಗಿಲು

ಕನ್ನಡಿಗರಿಗೆ ಈ ವಿಷಯ ನೇರವಾಗಿ ತಟ್ಟುವುದು ಎಚ್-4 ವೀಸಾದಲ್ಲಿ. ಬೆಂಗಳೂರಿನಿಂದ ಎಚ್-1ಬಿ ಉದ್ಯೋಗ ವೀಸಾದ ಮೇಲೆ ಹೋದ ಎಂಜಿನಿಯರನ ಹೆಂಡತಿಗೆ ಸಿಗುವುದು ಗಂಡನ ನೆರಳಿನ ವೀಸಾ. ಕೆಲಸದ ಪರವಾನಗಿ 2015ರಿಂದ ಕೆಲವರಿಗೆ ಇದೆ; ಅದೂ ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತಕ್ಕೆ ಬಂದಿದ್ದರೆ. ವಿಚ್ಛೇದನ ಅಂತಿಮವಾದ ದಿನ ಆ ವೀಸಾ ಮುಗಿಯುತ್ತದೆ. ಮಗು ಅಲ್ಲೇ ಹುಟ್ಟಿದ್ದರೆ ಅದು ಅಮೆರಿಕದ ಪ್ರಜೆ, ತಾಯಿಗೆ ಮಾತ್ರ ಉಳಿಯುವ ಹಕ್ಕಿಲ್ಲ.

ಇಂಥ ಹೆಂಗಸಿಗೆ ವಾವಾ ಅರ್ಜಿ ಹಾಕಲು ಬರುವುದಿಲ್ಲ. ಆ ಕಾಯ್ದೆಯಡಿ ಸ್ವತಃ ಅರ್ಜಿ ಹಾಕಬೇಕಾದರೆ ದೌರ್ಜನ್ಯ ಮಾಡಿದ ಗಂಡ ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡ್ ಇರುವವನೋ ಆಗಿರಬೇಕು. ಪ್ರತಿ ದೇಶಕ್ಕೆ ಶೇ 7ರ ಮಿತಿ ಇರುವುದರಿಂದ ಭಾರತೀಯರು ಗ್ರೀನ್ ಕಾರ್ಡಿಗಾಗಿ ದಶಕಗಟ್ಟಲೆ ಸಾಲಿನಲ್ಲಿ ನಿಂತಿದ್ದಾರೆ. ಗಂಡ ಸಾಲಿನಲ್ಲಿರುವಷ್ಟು ಕಾಲ ಹೆಂಡತಿಯ ರಕ್ಷಣೆಯೂ ಸಾಲಿನಲ್ಲೇ ಇರುತ್ತದೆ. ಇದು ಕಾನೂನಿನ ಕಣ್ಣುತಪ್ಪಿನಿಂದ ಆದದ್ದೆಂದು ನನಗನ್ನಿಸುವುದಿಲ್ಲ. ಉದ್ಯೋಗ ವೀಸಾದ ಹೆಂಡತಿಯನ್ನು ಪ್ರತ್ಯೇಕ ವ್ಯಕ್ತಿಯಾಗಿ ಕಾಣಲು ಒಲ್ಲದ ಧೋರಣೆಯೇ ಇದಕ್ಕೆ ಕಾರಣ, ಅದು ಅನ್ಯಾಯ.

ಹಾಗಾದರೆ ಉಳಿದಿರುವ ದಾರಿಗಳೇನು? ದೌರ್ಜನ್ಯಕ್ಕೊಳಗಾದ ಎಚ್-4 ಸಂಗಾತಿ ಸ್ವತಂತ್ರವಾಗಿ ಎರಡು ವರ್ಷದ ಕೆಲಸದ ಪರವಾನಗಿ ಕೇಳಬಹುದು; ಐ-765ವಿ ಎಂಬ ಫಾರ್ಮು ಅದಕ್ಕಾಗಿಯೇ ಇದೆ. ದುಡಿಯುವ ಹಕ್ಕು ಸಿಗುತ್ತದೆ, ಅದರಿಂದ ವೀಸಾ ಸ್ಥಾನಮಾನ ಸಿಗುವುದಿಲ್ಲ. ಇನ್ನೊಂದು ದಾರಿ ಯು ವೀಸಾ. ಅದಕ್ಕೆ ಕೌಟುಂಬಿಕ ಹಿಂಸೆಯಂಥ ಅಪರಾಧ ಅಮೆರಿಕದಲ್ಲಿ ನಡೆದಿರಬೇಕು, ತನಿಖೆಗೆ ಆಕೆ ನೆರವಾಗಿದ್ದಾಳೆಂದು ಪೊಲೀಸರೋ ಪ್ರಾಸಿಕ್ಯೂಟರೋ ಸಹಿ ಹಾಕಬೇಕು, ಹಾನಿ ಗಣನೀಯವಾಗಿರಬೇಕು. ವರ್ಷಕ್ಕೆ ಮುಖ್ಯ ಅರ್ಜಿದಾರರಿಗೆ ಕೊಡುವುದು 10,000 ಯು ವೀಸಾ, ಕಾಯುತ್ತಿರುವ ಅರ್ಜಿಗಳು ಎರಡು ಲಕ್ಷ ದಾಟಿವೆ. 2021ರಿಂದ, ಅರ್ಜಿ ಪ್ರಾಮಾಣಿಕ ಎಂದು ಮೇಲ್ನೋಟಕ್ಕೆ ಕಂಡರೆ ಕಾಯುವ ಅವಧಿಯಲ್ಲಿ ಕೆಲಸದ ಪರವಾನಗಿ ಕೊಡುವ ವ್ಯವಸ್ಥೆಯೊಂದು ಬಂದಿದೆ.

ಯು ವೀಸಾದಲ್ಲಿ ಮೌಲ್ಯಮಾಪನಕ್ಕೆ ನಿಜವಾದ ಕೆಲಸವಿದೆ. ಹಾನಿಯ ತೀವ್ರತೆ, ಎಷ್ಟು ಕಾಲ ನಡೆಯಿತು, ಆರೋಗ್ಯಕ್ಕೂ ಮನಸ್ಸಿಗೂ ಶಾಶ್ವತ ಪೆಟ್ಟು ಬಿದ್ದಿದೆಯೇ ಎಂಬುದನ್ನು ಅಧಿಕಾರಿ ನೋಡಬೇಕೆಂದು ನಿಯಮ ಹೇಳುತ್ತದೆ. ಮೊದಲೇ ಇದ್ದ ಕಾಯಿಲೆ ಉಲ್ಬಣಿಸಿದ್ದರೆ ಅದೂ ಹಾನಿಯ ಲೆಕ್ಕಕ್ಕೆ ಬರುತ್ತದೆ. ಮದುವೆಗೆ ಮುಂಚೆ ಊರಿನಲ್ಲಿ ಖಿನ್ನತೆಗೆ ಮಾತ್ರೆ ತೆಗೆದುಕೊಂಡಿದ್ದೆ, ಅದನ್ನು ಹೇಳಿದರೆ ಕೇಸು ಬಿದ್ದುಹೋಗುತ್ತದೆ ಎಂದು ಹೆದರಿ ಮುಚ್ಚಿಡುವವರಿದ್ದಾರೆ. ವಾಸ್ತವದಲ್ಲಿ ಆಗುವುದು ತಿರುಗುಮುರುಗು. ಹಳೆಯ ಚಿಕಿತ್ಸೆಯ ದಾಖಲೆ ಇದ್ದರೆ ಮುಂಚೆ ಹೇಗಿದ್ದಳು, ಈಗ ಹೇಗಾಗಿದ್ದಾಳೆ ಎಂದು ಹೋಲಿಸಲು ತಜ್ಞರಿಗೆ ಆಧಾರ ಸಿಗುತ್ತದೆ. ಮುಚ್ಚಿಟ್ಟದ್ದು ಆಮೇಲೆ ಹೊರಬಿದ್ದರೆ ಇಡೀ ಹೇಳಿಕೆಯ ಮೇಲೆ ಅನುಮಾನ ಬರುತ್ತದೆ.

ವರದಿ ಎಷ್ಟೇ ಚೆನ್ನಾಗಿದ್ದರೂ ಕಾನೂನಿನಲ್ಲಿ ಇಲ್ಲದ ಬಾಗಿಲನ್ನು ಅದು ತೆರೆಯಲಾರದು ಎಂಬುದನ್ನು ಎಚ್-4 ಹೆಂಗಸರು ಮೊದಲೇ ತಿಳಿದಿರಬೇಕು. ಮೊದಲು ವಕೀಲರು, ಆಮೇಲೆ ಮೌಲ್ಯಮಾಪನ. ಯಾವ ಅರ್ಜಿ ಎಂದು ತೀರ್ಮಾನವಾಗದೆ ಬರೆಸಿದ ವರದಿ ಯಾವ ಪ್ರಶ್ನೆಗೂ ಉತ್ತರಿಸುವುದಿಲ್ಲ. ಇಂಥ ಹೊತ್ತಿನಲ್ಲಿ ಕೈಹಿಡಿಯುವ ದಕ್ಷಿಣ ಏಷ್ಯಾದ ಮಹಿಳಾ ಸಂಸ್ಥೆಗಳು ಅಲ್ಲಿ ಹಳೆಯವು: ನ್ಯೂಜೆರ್ಸಿಯ ಮಾನವಿ 1985ರಲ್ಲಿ, ನ್ಯೂಯಾರ್ಕಿನ ಸಖಿ 1989ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಮೈತ್ರಿ 1991ರಲ್ಲಿ ಶುರುವಾದವು.

ನೆನಪು ತಪ್ಪಿದರೆ ಸುಳ್ಳೇ?

ಆಶ್ರಯ ಕೋರುವ ಪ್ರಕರಣಗಳಲ್ಲಿ, ಅಂದರೆ ಅಸೈಲಮ್‌ನಲ್ಲಿ, ಮೌಲ್ಯಮಾಪನದ ಪಾತ್ರ ಬೇರೆ. ಅಲ್ಲಿ ಅತಿ ದೊಡ್ಡ ಪ್ರಶ್ನೆ ನಂಬಿಕೆಯದು. 2005ರ ರಿಯಲ್ ಐಡಿ ಕಾಯ್ದೆಯ ನಂತರ, ಅರ್ಜಿದಾರರ ಮಾತಿನಲ್ಲಿ ಕಾಣುವ ವ್ಯತ್ಯಾಸ ಪ್ರಕರಣದ ಮೂಲ ವಿಷಯಕ್ಕೆ ಸಂಬಂಧಿಸದಿದ್ದರೂ ನ್ಯಾಯಾಧೀಶರು ಅದನ್ನು ಹಿಡಿದು ‘ನಂಬಲರ್ಹರಲ್ಲ’ ಎನ್ನಬಹುದು. ಗಡಿಯಲ್ಲಿ ಫೋನಿನ ದುಭಾಷಿಯ ಮೂಲಕ ಹೇಳಿದ್ದು ಒಂದು, ವರ್ಷಗಳ ನಂತರ ನ್ಯಾಯಾಲಯದಲ್ಲಿ ಹೇಳಿದ್ದು ಇನ್ನೊಂದು. ಕರೆದೊಯ್ದದ್ದು ಮಂಗಳವಾರವೋ ಗುರುವಾರವೋ, ಬಂದವರು ಮೂವರೋ ನಾಲ್ವರೋ? ವಲಸೆ ನ್ಯಾಯಾಲಯಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ಬಾಕಿಯಿರುವಾಗ ಈ ಎರಡು ಹೇಳಿಕೆಗಳ ನಡುವಿನ ಅಂತರ ಹಿಗ್ಗುತ್ತಲೇ ಹೋಗುತ್ತದೆ.

ನೆನಪು ಹಾಗೆ ಕೆಲಸ ಮಾಡುವುದಿಲ್ಲ ಎಂದು ತೋರಿಸಿದ ಅಧ್ಯಯನವೊಂದು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಜೇನ್ ಹರ್ಲಿಹಿ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿದ್ದ ಕೊಸೊವೊ ಮತ್ತು ಬೋಸ್ನಿಯಾದ 39 ನಿರಾಶ್ರಿತರನ್ನು ಎರಡೆರಡು ಸಲ ಮಾತಾಡಿಸಿದರು. ಇವರಿಗೆ ಬ್ರಿಟನ್ನಿನಲ್ಲಿ ಉಳಿಯಲು ಆಗಲೇ ಅನುಮತಿ ಸಿಕ್ಕಿತ್ತು, ಸುಳ್ಳು ಹೇಳುವ ಯಾವ ಕಾರಣವೂ ಇರಲಿಲ್ಲ. ಹಾಗಿದ್ದೂ ಒಂದೇ ಘಟನೆಯ ಬಗ್ಗೆ ಎರಡು ಸಲ ಹೇಳಿದ್ದರಲ್ಲಿ ವ್ಯತ್ಯಾಸಗಳಿದ್ದವು. ಘಟನೆಯ ತಿರುಳಿಗಿಂತ ಅಂಚಿನ ವಿವರಗಳಲ್ಲಿ ಅವು ಹೆಚ್ಚಾಗಿದ್ದವು. ಆಘಾತದ ಲಕ್ಷಣಗಳು ತೀವ್ರವಾಗಿದ್ದವರಲ್ಲಿ, ಎರಡು ಸಂದರ್ಶನಗಳ ನಡುವಿನ ಅವಧಿ ಉದ್ದವಾದಷ್ಟೂ ವ್ಯತ್ಯಾಸ ಏರಿತ್ತು. ಕಾನೂನು ಸುಳ್ಳಿನ ಗುರುತೆಂದು ಭಾವಿಸುವುದು ಎಷ್ಟೋ ಸಲ ಪೆಟ್ಟು ಬಿದ್ದುದರ ಗುರುತಾಗಿರುತ್ತದೆ. ನ್ಯಾಯಾಧೀಶರಿಗೆ ಇದನ್ನು ಆ ವ್ಯಕ್ತಿಯ ಉದಾಹರಣೆಯೊಂದಿಗೆ ವಿವರಿಸಿ ಹೇಳುವುದೇ ಆಶ್ರಯ ಪ್ರಕರಣದಲ್ಲಿ ತಜ್ಞರ ಅತಿ ಮುಖ್ಯ ಕೆಲಸ.

ಅಮೆರಿಕಕ್ಕೆ ಬಂದ ಒಂದು ವರ್ಷದೊಳಗೆ ಆಶ್ರಯದ ಅರ್ಜಿ ಹಾಕಬೇಕೆಂಬ ನಿಯಮ 1996ರ ಕಾಯ್ದೆಯಿಂದ ಬಂದಿತು. ತಡವಾದವರಿಗೆ ‘ಅಸಾಧಾರಣ ಪರಿಸ್ಥಿತಿ’ಯ ವಿನಾಯಿತಿ ಇದೆ, ಹಿಂದೆ ಅನುಭವಿಸಿದ ಹಿಂಸೆಯ ಪರಿಣಾಮವಾಗಿ ಬಂದ ಮಾನಸಿಕ ತೊಂದರೆ ಅದರಲ್ಲಿ ಸೇರುತ್ತದೆ. ನಡೆದದ್ದನ್ನು ನೆನೆಯಲೂ ಆಗದೆ ಕೂತವನಿಗೆ ವಕೀಲರ ಮುಂದೆ ಬಾಯಿಬಿಡುವ ಶಕ್ತಿ ಎಲ್ಲಿರುತ್ತದೆ? ಆ ಮೌನವನ್ನು ವಿವರಿಸುವ ವರದಿ ಇಲ್ಲದಿದ್ದರೆ ಅರ್ಜಿ ವಿಚಾರಣೆಯ ಹಂತಕ್ಕೇ ಬರದೆ ತಿರಸ್ಕೃತವಾಗಬಹುದು.

ಇಂಥ ಪರೀಕ್ಷೆಗೆ ಅಂತರರಾಷ್ಟ್ರೀಯ ಕೈಪಿಡಿಯೊಂದಿದೆ. ಚಿತ್ರಹಿಂಸೆಯನ್ನು ತನಿಖೆ ಮಾಡಿ ದಾಖಲಿಸುವ ಬಗ್ಗೆ 1999ರಲ್ಲಿ ವಿಶ್ವಸಂಸ್ಥೆಗೆ ಸಲ್ಲಿಸಲಾದ, 2022ರಲ್ಲಿ ಪರಿಷ್ಕೃತವಾದ ಇಸ್ತಾಂಬುಲ್ ಪ್ರೋಟೊಕಾಲ್. ಅದರಂತೆ ತಜ್ಞರು ‘ಇವರು ಹೇಳುವುದು ನಿಜ’ ಎಂದು ಬರೆಯುವುದಿಲ್ಲ. ಕಂಡ ಲಕ್ಷಣಗಳು ಹೇಳಿದ ಘಟನೆಗೆ ಹೊಂದುವುದಿಲ್ಲ, ಹೊಂದುತ್ತವೆ, ಬಹಳ ಹೊಂದುತ್ತವೆ ಎಂಬಂತೆ ಮೆಟ್ಟಿಲು ಮೆಟ್ಟಿಲಾಗಿ ಅಭಿಪ್ರಾಯ ಕೊಡುತ್ತಾರೆ. ತೀರ್ಪು ನ್ಯಾಯಾಧೀಶರದು. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2019ರಲ್ಲಿ ಶ್ರೀಲಂಕಾದ ತಮಿಳನೊಬ್ಬನ ಪ್ರಕರಣದಲ್ಲಿ ಈ ಪ್ರೋಟೊಕಾಲನ್ನು ಎತ್ತಿಹಿಡಿದಿತ್ತು. ಸುಟ್ಟ ಗಾಯಗಳು ಹೇಗಾದವು ಎಂಬ ಆತನ ಮಾತಿಗೆ ಅವು ಎಷ್ಟು ಹೊಂದುತ್ತವೆ ಎಂದು ಹೇಳುವುದು ವೈದ್ಯರ ಕೆಲಸದ ವ್ಯಾಪ್ತಿಯೊಳಗೇ ಇದೆ ಎಂದಿತು.

ವರದಿಯಿಂದ ಫಲಿತಾಂಶ ಎಷ್ಟು ಬದಲಾಗುತ್ತದೆ? ಫಿಸಿಶಿಯನ್ಸ್ ಫಾರ್ ಹ್ಯೂಮನ್ ರೈಟ್ಸ್ ಸಂಸ್ಥೆಯ ಸ್ವಯಂಸೇವಕ ವೈದ್ಯರು ಪರೀಕ್ಷಿಸಿದ ಪ್ರಕರಣಗಳ ಬಗ್ಗೆ ಎರಡು ಅಧ್ಯಯನಗಳಿವೆ. 2008ರಲ್ಲಿ ಬಂದದ್ದರ ಪ್ರಕಾರ, ಪರೀಕ್ಷೆಗೊಳಗಾದವರಲ್ಲಿ ಶೇ 89 ಮಂದಿಗೆ ಆಶ್ರಯ ಸಿಕ್ಕಿತ್ತು, ಅದೇ ಅವಧಿಯ ದೇಶದ ಸರಾಸರಿ ಶೇ 37.5. 2008ರಿಂದ 2018ರವರೆಗಿನ ಪ್ರಕರಣಗಳನ್ನು ನೋಡಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 81.6 ಮಂದಿಗೆ ಒಂದಲ್ಲ ಒಂದು ಪರಿಹಾರ ಸಿಕ್ಕಿತ್ತು, ದೇಶದ ಆಶ್ರಯ ಮಂಜೂರಾತಿ ಸರಾಸರಿ ಶೇ 42.4. ಈ ಅಂಕಿಗಳನ್ನು ವರದಿ ಬರೆಯುವ ಕೆಲವರು ಜಾಹೀರಾತಿನಂತೆ ಬಳಸುವುದು ಸರಿಯಲ್ಲ. ಆ ಸಂಸ್ಥೆಯ ಬಳಿ ಬಂದವರಿಗೆಲ್ಲ ಹೆಚ್ಚುಕಡಿಮೆ ವಕೀಲರಿದ್ದರು. ವಕೀಲರು ಗಟ್ಟಿಯಿರುವ ಪ್ರಕರಣಗಳನ್ನೇ ಆರಿಸಿ ಕಳಿಸಿರುತ್ತಾರೆ. ವ್ಯತ್ಯಾಸವೆಲ್ಲ ವರದಿಯೊಂದರಿಂದಲೇ ಬಂದದ್ದಲ್ಲ. ಆದರೂ ಅಂತರ ಇಷ್ಟು ದೊಡ್ಡದಿರುವಾಗ ವರದಿಗೆ ಅದರಲ್ಲಿ ಪಾಲಿಲ್ಲ ಎನ್ನಲೂ ಆಗದು.

ಒಳ್ಳೆಯ ವರದಿ, ಕೆಟ್ಟ ವರದಿ

ಒಂದು ಕಲ್ಪಿತ ಉದಾಹರಣೆ. ದಾವಣಗೆರೆ ಕಡೆಯ, ಓದಿ ಕೆಲಸದಲ್ಲಿದ್ದ ಹೆಂಗಸು ಮದುವೆಯಾಗಿ ಟೆಕ್ಸಸ್‌ಗೆ ಹೋಗುತ್ತಾಳೆ ಎನ್ನಿ. ಕೆಟ್ಟ ವರದಿ ಹೀಗಿರುತ್ತದೆ: ‘ಈಕೆಗೆ ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಮತ್ತು ತೀವ್ರ ಖಿನ್ನತೆ ಇದೆ. ಭಾರತಕ್ಕೆ ಕಳಿಸಿದರೆ ಸ್ಥಿತಿ ಹದಗೆಡುತ್ತದೆ. ವೀಸಾ ಕೊಡಬೇಕೆಂದು ಶಿಫಾರಸು ಮಾಡುತ್ತೇನೆ.’ ರೋಗದ ಹೆಸರಿದೆ, ಅದಕ್ಕೆ ಆಧಾರ ಕಾಣುವುದಿಲ್ಲ. ಮೇಲಾಗಿ ತನ್ನದಲ್ಲದ ತೀರ್ಪನ್ನು ತಾನೇ ಕೊಟ್ಟಿದೆ. ಒಳ್ಳೆಯ ವರದಿ ಬೇರೆ ಥರ ಮಾತಾಡುತ್ತದೆ: ಗಂಡ ಮನೆಗೆ ಬರುವ ಹೊತ್ತಾದಂತೆ ಆಕೆಯ ಕೈ ನಡುಗುತ್ತಿತ್ತು; ಬೇರೆಯಾದ ಮೇಲೂ ಗ್ಯಾರೇಜ್ ಬಾಗಿಲಿನ ಸದ್ದು ಕೇಳಿದರೆ ಅಡುಗೆ ಕೈಬಿಟ್ಟು ಮಗುವನ್ನೆತ್ತಿಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ; ಮದುವೆಗೆ ಮುಂಚೆ ಲೆಕ್ಕಪತ್ರ ನೋಡುತ್ತಿದ್ದವಳಿಗೆ ಈಗ ಫಾರ್ಮೊಂದನ್ನು ತುಂಬಲೂ ಮನಸ್ಸು ನಿಲ್ಲುವುದಿಲ್ಲ; ಈ ಲಕ್ಷಣಗಳು ಯಾವಾಗ ಶುರುವಾದವೆಂಬುದು ಪೊಲೀಸ್ ವರದಿಯ ದಿನಾಂಕಕ್ಕೂ ಅಕ್ಕನಿಗೆ ಕಳಿಸಿದ ವಾಟ್ಸ್ಯಾಪ್ ಸಂದೇಶಗಳಿಗೂ ತಾಳೆಯಾಗುತ್ತದೆ; ಮನೆ ನೆನಪಾಗುವ ಬೇಸರ, ಥೈರಾಯ್ಡ್ ತೊಂದರೆಯಂಥ ಬೇರೆ ಕಾರಣಗಳನ್ನು ಪರಿಶೀಲಿಸಿದೆ, ಅವಷ್ಟರಿಂದಲೇ ಇದನ್ನು ವಿವರಿಸಲಾಗದು. ಘಟನೆ, ಮನಸ್ಸಿನ ಸ್ಥಿತಿ, ಕಾನೂನು ಕೇಳುವ ಪ್ರಶ್ನೆ, ಈ ಮೂರಕ್ಕೂ ಕೊಂಡಿ ಹಾಕುವುದರಲ್ಲಿ ವರದಿಯ ಬಲವಿದೆ.

ಒಂದೇ ಸಲ ಮಾತಾಡಿಸಿ, ಅರ್ಜಿದಾರರು ಹೇಳಿದ್ದನ್ನಷ್ಟೇ ನಂಬಿ, ಅರ್ಜಿಗೆಂದೇ ಬರೆಸಿದ್ದು ಎಂದು ಅಧಿಕಾರಿಗಳು ಹಲವು ವರದಿಗಳನ್ನು ಪಕ್ಕಕ್ಕಿಡುತ್ತಾರೆ. ಚಿಕಿತ್ಸೆ ಬೇಕೆಂದು ವರದಿಯಲ್ಲಿ ಬರೆದಿದ್ದು, ಅದಾದ ಮೇಲೆ ಚಿಕಿತ್ಸೆಗೇ ಹೋಗದಿದ್ದರೂ ಪ್ರಶ್ನೆ ಏಳುತ್ತದೆ. ಒಬ್ಬರೇ ತಜ್ಞರು ಹತ್ತು ಜನರಿಗೆ ಹೆಸರು ಮಾತ್ರ ಬದಲಿಸಿ ಬರೆದುಕೊಟ್ಟ ವಾಕ್ಯಗಳನ್ನು ಗುರುತಿಸುವುದು ದಿನವೂ ಕಡತ ಓದುವವರಿಗೆ ಕಷ್ಟವಲ್ಲ. ಅಂಥ ವರದಿಯಿಂದ ನಿಜವಾಗಿ ನೊಂದವರ ಪ್ರಕರಣಕ್ಕೂ ಕಳಂಕ ತಟ್ಟುತ್ತದೆ. ‘ಖಂಡಿತ ಗೆಲ್ಲಿಸಿಕೊಡುತ್ತೇವೆ’ ಎನ್ನುವವರಿಂದಲೂ, ಮಾತಾಡಿಸುವ ಮುಂಚೆಯೇ ಕಾಯಿಲೆಯ ಹೆಸರು ಹೇಳುವವರಿಂದಲೂ ದೂರವಿರುವುದು ಲೇಸು.

ನನ್ನನ್ನು ಹೆಚ್ಚು ಕಾಡುವ ವಿಷಯ ಇನ್ನೊಂದಿದೆ. ಗಟ್ಟಿಯಾಗಿ ನಿಂತವರಿಗೆ ಈ ವ್ಯವಸ್ಥೆಯಲ್ಲಿ ಜಾಗ ಕಡಿಮೆ. ಅಚ್ಚುಕಟ್ಟಾಗಿ ಸೀರೆಯುಟ್ಟು ಬಂದು, ಕಣ್ಣೀರಿಲ್ಲದೆ, ಒಳ್ಳೆಯ ಇಂಗ್ಲಿಷಿನಲ್ಲಿ ಉತ್ತರಿಸುವ ಹೆಂಗಸನ್ನು ನೋಡಿ ‘ಇವಳಿಗೇನಾಗಿದೆ?’ ಎನ್ನುವ ಕಣ್ಣುಗಳಿವೆ. ನಮ್ಮ ಹೆಣ್ಣುಮಕ್ಕಳಿಗೆ ಮನೆಯ ಮಾತನ್ನು ಹೊರಗೆ ಆಡಬೇಡ ಎಂದು ಚಿಕ್ಕಂದಿನಿಂದ ಕಲಿಸಿರುತ್ತೇವೆ. ತಲೆಭಾರ, ಎದೆ ಹಿಡಿದಂತಾಗುವುದು, ಊಟ ಸೇರದಿರುವುದು, ಕೈಕಾಲು ಸೋಲುವುದು ಎಂದು ಮೈಯ ತೊಂದರೆಯನ್ನೇ ಅವರು ಮೊದಲು ಹೇಳುವುದು. ಅನುಭವವಿಲ್ಲದ ಸಂದರ್ಶಕರು ಅದನ್ನು ಬರೆದುಕೊಂಡು ಮುಂದೆ ಹೋಗಿಬಿಡುತ್ತಾರೆ. ವ್ಯಕ್ತಿ ತನ್ನ ತೊಂದರೆಯನ್ನು ತನ್ನ ಜನರ ಮಾತಿನಲ್ಲಿ ಹೇಗೆ ವಿವರಿಸಿಕೊಳ್ಳುತ್ತಾರೆಂದು ಕೇಳಿ ತಿಳಿಯಲು ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿ ಡಿಎಸ್‌ಎಂ-5ರಲ್ಲಿ 16 ಪ್ರಶ್ನೆಗಳ ಸಂದರ್ಶನವೊಂದನ್ನು ಸೇರಿಸಲಾಯಿತು. ಅದನ್ನು ಬಳಸುವ ತಜ್ಞರನ್ನು ಹುಡುಕಿಕೊಳ್ಳುವುದು ಒಳ್ಳೆಯದು.

ದುಭಾಷಿ ಬೇಕಾದಾಗ ಕನ್ನಡ ಕೂಟದ ಪರಿಚಯದವರನ್ನೋ ಗಂಡನ ಕಡೆಯ ನೆಂಟರನ್ನೋ ಕೂರಿಸಿಕೊಳ್ಳಬಾರದು. ಒಂದು ಊರಿನ ಕನ್ನಡಿಗರೆಲ್ಲ ಪರಸ್ಪರ ಗೊತ್ತಿರುವವರೇ, ಅವರ ಮುಂದೆ ಹಾಸಿಗೆಯ ಕೋಣೆಯ ಮಾತು ಹೊರಗೆ ಬರುವುದಿಲ್ಲ. ವೃತ್ತಿಪರ ಕನ್ನಡ ದುಭಾಷಿಗಳು ಫೋನಿನ ಮೂಲಕ ಸಿಗುತ್ತಾರೆ.

ಬರೆದದ್ದು ಎಲ್ಲಿಗೆ ಹೋಗುತ್ತದೆ?

ಮೌಲ್ಯಮಾಪನ ಚಿಕಿತ್ಸೆಯಲ್ಲ. ಆಪ್ತಸಮಾಲೋಚಕರ ಬಳಿ ಹೇಳಿದ್ದು ಸಾಮಾನ್ಯವಾಗಿ ಗುಟ್ಟಾಗಿ ಉಳಿಯುತ್ತದೆ, ಮೌಲ್ಯಮಾಪನದಲ್ಲಿ ಹೇಳಿದ್ದು ಸರ್ಕಾರದ ಕಡತಕ್ಕೆ ಹೋಗಬಹುದು. ವಲಸೆ ನ್ಯಾಯಾಲಯದಲ್ಲಿ ಸರ್ಕಾರಿ ವಕೀಲರೂ ಅದನ್ನು ಓದುತ್ತಾರೆ. ಅದಕ್ಕೇ ಚಿಕಿತ್ಸೆ ಕೊಡುವವರೂ ವರದಿ ಬರೆಯುವವರೂ ಬೇರೆ ಬೇರೆಯಾಗಿರುವುದು ಉತ್ತಮ ಎಂಬ ಮಾತು ವೃತ್ತಿಯೊಳಗೇ ಇದೆ.

ಇಲ್ಲೊಂದು ಅಪಾಯವಿದೆ. ವಲಸೆ ಕಾನೂನು ಮಾನಸಿಕ ಹಾನಿಯನ್ನು ಕರುಣೆಗೆ ಕಾರಣವಾಗಿ ನೋಡುವಂತೆಯೇ, ಅಪಾಯಕಾರಿ ವರ್ತನೆಯೊಂದಿಗೆ ಸೇರಿದ ಮಾನಸಿಕ ಕಾಯಿಲೆಯನ್ನು ಪ್ರವೇಶ ನಿರಾಕರಿಸುವ ಕಾರಣವಾಗಿಯೂ ನೋಡುತ್ತದೆ. ಆತ್ಮಹತ್ಯೆಯ ಪ್ರಯತ್ನ, ಕುಡಿತ, ಮಾದಕ ವಸ್ತು ಬಳಸಿದ್ದರ ಒಪ್ಪಿಗೆ ಇವು ವರದಿಯಲ್ಲಿ ಬಂದರೆ ಪ್ರಕರಣ ತಿರುಗಬಹುದು. ಸುಳ್ಳು ಹೇಳಿ ಎಂದು ಇದರ ಅರ್ಥವಲ್ಲ. ವರದಿ ಸಲ್ಲಿಸುವ ಮುಂಚೆ ವಕೀಲರು ಪೂರ್ತಿ ಓದಿ, ಸಲ್ಲಿಸಬೇಕೋ ಬೇಡವೋ ಎಂದು ತೀರ್ಮಾನಿಸಬೇಕು.

‘ಹುಚ್ಚಿ ಎಂದು ಬರೆಸಿಕೊಂಡಳು ಅಂತ ಗಂಡ ಕೋರ್ಟಿನಲ್ಲಿ ತೋರಿಸಿದರೆ?’ ಎಂಬ ಭಯಕ್ಕೆ ನಮ್ಮಲ್ಲಿ ಆಧಾರವಿಲ್ಲದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಮಾನಸಿಕ ಅಸ್ವಸ್ಥತೆ ವಿಚ್ಛೇದನಕ್ಕೆ ಒಂದು ಕಾರಣ. ಆದರೆ ಕಾಯಿಲೆಯ ಹೆಸರಷ್ಟೇ ಸಾಲದು, ಜತೆಗೆ ಬಾಳಲಾಗದಷ್ಟು ಅದು ತೀವ್ರವಾಗಿರಬೇಕು ಎಂದು ಸುಪ್ರೀಂ ಕೋರ್ಟ್ 1988ರ ರಾಮ್ ನಾರಾಯಣ್ ಗುಪ್ತಾ ಪ್ರಕರಣದಲ್ಲೇ ಹೇಳಿದೆ. ಅಮೆರಿಕದಲ್ಲಿ ವಾವಾ, ಯು ಮತ್ತು ಟಿ (ಮಾನವ ಸಾಗಣೆಗೆ ಬಲಿಯಾದವರ) ವೀಸಾ ಅರ್ಜಿಗಳ ಮಾಹಿತಿಯನ್ನು ಹೊರಗೆ ಕೊಡಕೂಡದೆಂಬ ರಕ್ಷಣೆ ಇದೆ; ಅದು ಶುರುವಾದದ್ದು 1996ರ ಕಾನೂನಿನಿಂದ, ಯು, ಟಿ ವೀಸಾಗಳು ಅದರಲ್ಲಿ ಆಮೇಲೆ ಸೇರಿದವು. ಗಂಡ ಇಲಾಖೆಗೆ ಫೋನು ಮಾಡಿ ಹೆಂಡತಿಯ ಅರ್ಜಿಯ ಬಗ್ಗೆ ಕೇಳಿದರೂ ಹೇಳುವಂತಿಲ್ಲ, ಅವನೊಬ್ಬನೇ ಕೊಟ್ಟ ಮಾಹಿತಿಯ ಮೇಲೆ ಅವಳ ವಿರುದ್ಧ ತೀರ್ಮಾನ ಮಾಡುವಂತೆಯೂ ಇಲ್ಲ.

ಅಪ್ಪ ಅಮ್ಮಂದಿರ ವಿಷಯವನ್ನೂ ಹೇಳಬೇಕು, ನಮ್ಮಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಕರೆಸಿಕೊಂಡ ತಂದೆತಾಯಿಯನ್ನು ಅಮೆರಿಕದ ಪ್ರಜೆಯಾದ ಮಗನೋ ಮಗಳೋ ಹಿಂಸಿಸಿದರೆ, ಆ ತಂದೆತಾಯಿಯೂ ವಾವಾ ಅಡಿ ಅರ್ಜಿ ಹಾಕಬಹುದು. 2006ರಿಂದ ಈ ಅವಕಾಶವಿದೆ. ಇನ್ನು ಪೌರತ್ವಕ್ಕೆ ಬಂದ ಹಿರಿಯರಿಗೆ ಮರೆವಿನ ಕಾಯಿಲೆ ಇದ್ದು ಇಂಗ್ಲಿಷೂ ನಾಗರಿಕ ಪಾಠವೂ ತಲೆಗೆ ಹತ್ತದಿದ್ದರೆ ಎನ್-648 ಎಂಬ ಫಾರ್ಮಿನ ಮೂಲಕ ವಿನಾಯಿತಿ ಕೇಳಬಹುದು. ಅದನ್ನು ವೈದ್ಯರು ಅಥವಾ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ತುಂಬಬೇಕು. ವಯಸ್ಸಾಗಿದೆ, ಓದಿಲ್ಲ ಎಂಬುದಷ್ಟೇ ಅದಕ್ಕೆ ಕಾರಣವಾಗದು. ಯಾವ ಕಾಯಿಲೆ, ಅದು ಕಲಿಯುವ ಶಕ್ತಿಯನ್ನು ಹೇಗೆ ಕುಂದಿಸಿದೆ ಎಂದು ವಿವರಿಸಬೇಕು.

ಖರ್ಚಿನ ಮಾತೂ ಇದೆ. ಖಾಸಗಿಯಾಗಿ ಮಾಡಿಸಿದರೆ ಸಾವಿರ ಡಾಲರ್ ದಾಟುವುದು ಸಾಮಾನ್ಯ, ಕೆಲಸದ ಪರವಾನಗಿಯಿಲ್ಲದ ಹೆಂಗಸಿಗೆ ಅದು ದೊಡ್ಡ ಮೊತ್ತ. ಆಶ್ರಯ ಕೋರುವವರಿಗೆ ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳೂ ಅಧ್ಯಾಪಕರೂ ಸೇರಿ ನಡೆಸುವ ಉಚಿತ ಕ್ಲಿನಿಕ್ಕುಗಳಿವೆ. ನ್ಯೂಯಾರ್ಕಿನ ವೈಲ್ ಕಾರ್ನೆಲ್‌ನದು 2010ರಲ್ಲಿ ಶುರುವಾಯಿತು. ಬೆಂಗಳೂರಿನ ತಜ್ಞರಿಂದ ವಿಡಿಯೊ ಕರೆಯಲ್ಲಿ ಕಡಿಮೆ ಖರ್ಚಿಗೆ ವರದಿ ಬರೆಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಅಮೆರಿಕದಲ್ಲಿ ಪರವಾನಗಿ ಕೊಡುವುದು ಆಯಾ ರಾಜ್ಯ, ಇಲ್ಲಿನ ನೋಂದಣಿ ಅಲ್ಲಿ ನಡೆಯುವುದಿಲ್ಲ. ಅಂಥ ವರದಿಗೆ ತೂಕ ಸಿಗುವುದು ಕಷ್ಟ.

ಆದರೆ ಕರ್ನಾಟಕದಲ್ಲಿರುವ ಮನೆಯವರು ಮಾಡಬಹುದಾದ ಕೆಲಸ ಸಾಕಷ್ಟಿದೆ. ಮದುವೆಗೆ ಮುಂಚಿನ ಚಿಕಿತ್ಸೆಯ ಚೀಟಿಗಳು, ನಿಮ್ಹಾನ್ಸ್‌ನಲ್ಲೋ ಜಿಲ್ಲಾ ಆಸ್ಪತ್ರೆಯಲ್ಲೋ ತೋರಿಸಿದ ದಾಖಲೆಗಳು, ಇಲ್ಲಿ ದೂರು ಕೊಟ್ಟಿದ್ದರೆ ಎಫ್‌ಐಆರ್ ಪ್ರತಿ, ಅವಳು ಅತ್ತು ಫೋನು ಮಾಡಿದ ರಾತ್ರಿಗಳ ಸಂದೇಶಗಳನ್ನು ಅಳಿಸದೆ ದಿನಾಂಕ ಸಮೇತ ತೆಗೆದಿಡಬೇಕು. ಅಕ್ಕನೋ ಅಮ್ಮನೋ ತಾವು ಕಣ್ಣಾರೆ ಕಂಡದ್ದನ್ನು, ಕಿವಿಯಾರೆ ಕೇಳಿದ್ದನ್ನು ಮಾತ್ರ ಪತ್ರವಾಗಿ ಬರೆದು ಸಹಿ ಹಾಕಿ ಕಳಿಸಬಹುದು. ಮೌಲ್ಯಮಾಪನ ಮಾಡುವವರಿಗೆ ಹೊರಗಿನ ಆಧಾರವಾಗಿ ಸಿಗುವುದು ಇವೇ. ಪತ್ರ ಕನ್ನಡದಲ್ಲೇ ಇರಬಹುದು. ಅದರ ಜತೆ ಪೂರ್ತಿ ಇಂಗ್ಲಿಷ್ ಅನುವಾದವನ್ನೂ, ಎರಡೂ ಭಾಷೆ ಬಲ್ಲೆ, ಅನುವಾದ ಸರಿಯಾಗಿದೆ, ಸಂಪೂರ್ಣವಾಗಿದೆ ಎಂದು ಅನುವಾದಕರು ಸಹಿ ಹಾಕಿದ ಹೇಳಿಕೆಯನ್ನೂ ಲಗತ್ತಿಸಬೇಕು.